ಬಲಗಡೆಯ ಮೋಟಾರು

ಬಸ್ಸಿನ ವೈಪರ್ ಮೋಟಾರು ಬಿಚ್ಚಿದರೆ ಒಳಗೆ ಬಿಳಿ ಪ್ಲಾಸ್ಟಿಕ್ಕಿನ ಗಿಯರು ಇರುತ್ತದೆ. ಗಾಜಿನ ಮೇಲಿನ ಮಳೆನೀರು ಒರೆಸಲು ಅದು ಧಾರಾಳ ಸಾಕು. ಒಬ್ಬ ಮನುಷ್ಯನನ್ನು ಕುರ್ಚಿ ಸಮೇತ ಎತ್ತಿ ಇಳಿಸಲಿ ಎಂದು ಯಾರೂ ಅದನ್ನು ಮಾಡಿಲ್ಲ. ಆ ಮಳೆಗಾಲ ನನ್ನ ಮೇಜಿನ ಮೇಲೆ ಅಂಥ ಗಿಯರುಗಳು ಹಲ್ಲುದುರಿಸಿಕೊಂಡು ಬಿದ್ದಿದ್ದವು. ಎಲ್ಲವೂ ಬಲಗಡೆಯ ಮೋಟಾರಿನವು. ಎಡಗಡೆಯದು ಹಾಕಿದ ದಿನ ಹೇಗಿತ್ತೋ ಹಾಗೇ ಇತ್ತು. ನನಗೆ ಸಿಟ್ಟು ಬರುತ್ತಿದ್ದದ್ದು ಅದಕ್ಕೇ. ಎರಡೂ ಕೆಟ್ಟಿದ್ದರೆ ಮೋಟಾರಿಗೆ ಶಕ್ತಿ ಸಾಲದು ಎಂದು ಸುಮ್ಮನಾಗಬಹುದಿತ್ತು.

ದಾಂಡೇಲಿಯಲ್ಲಿ ನನ್ನದು ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟ ಪಂಪು, ಸುಟ್ಟ ಫ್ಯಾನು ಬರುತ್ತವೆ, ತಂತಿ ಸುತ್ತಿ ಕಳಿಸುತ್ತೇನೆ. ಅಂಗಡಿಯ ಹಿಂದೆಯೇ ಮನೆ. ಮನೆಯ ಒಂದು ಕೋಣೆಯಲ್ಲಿ ನನ್ನ ಹುಚ್ಚು ಇದೆ: ಕಂಪ್ಯೂಟರು, ದೊಡ್ಡ ಟಿವಿ, ಅದರ ಮುಂದೆ ಸ್ಟೇರಿಂಗು, ಪೆಡಲು. ರೇಸಿಂಗ್ ಸಿಮ್ಯುಲೇಟರ್ ಅನ್ನುತ್ತಾರೆ. ಕೆಲಸ ಮುಗಿದ ಮೇಲೆ ಅಲ್ಲಿ ಕುಳಿತು, ನಾನೆಂದೂ ನೋಡದ ದೇಶಗಳ ಬೆಟ್ಟದ ರಸ್ತೆಗಳಲ್ಲಿ ಕಾರು ಓಡಿಸುತ್ತೇನೆ. ಹೆಂಡತಿ ಅದಕ್ಕೆ ಮಕ್ಕಳ ಆಟಿಗೆ ಅನ್ನುತ್ತಾಳೆ. ನಾನು ವಾದಕ್ಕೆ ಹೋಗುವುದಿಲ್ಲ.

ಆ ಆಟಿಗೆಯ ಕೆಳಗೆ ಮೋಟಾರು ಕೂರಿಸಿ ಅದನ್ನು ಅಲ್ಲಾಡುವಂತೆ ಮಾಡಬೇಕಾಗಿ ಬಂದದ್ದು ನನ್ನ ಸೋದರಮಾವನಿಂದ. ಅವರಿರುವುದು ಜೋಯಿಡಾದಲ್ಲಿ. ಜೋಯಿಡಾದಿಂದ ಕುಂಬಾರವಾಡದ ಕಡೆಗೆ ಜೀಪು ಓಡಿಸಿಯೇ ಅವರ ಕೂದಲು ಬೆಳ್ಳಗಾಗಿದೆ. ಆ ದಾರಿಯಲ್ಲಿ ಬಸ್ಸು ಬಂದರೆ ಬಂತು, ಇಲ್ಲವಾದರೆ ಇಲ್ಲ. ಭತ್ತದ ಚೀಲ, ಹಲಸಿನಹಣ್ಣು, ಬಾಣಂತಿ, ಶಾಲೆಯ ಮಾಸ್ತರು, ಎಲ್ಲರೂ ಮಾವನ ಜೀಪಿನಲ್ಲೇ. ಹತ್ತಲು ಜಾಗವಿಲ್ಲ ಎಂದು ಅವರು ಯಾರನ್ನೂ ಬಿಟ್ಟುಹೋದದ್ದು ನನಗೆ ಗೊತ್ತಿಲ್ಲ.

ಅವರು ಅತ್ತೆಯನ್ನು ಕರೆದುಕೊಂಡು ಒಂದು ಭಾನುವಾರ ನಮ್ಮ ಮನೆಗೆ ಬಂದಿದ್ದರು. ಕೋಣೆಗೆ ಬಂದು ನನ್ನ ಸ್ಟೇರಿಂಗು ಹಿಡಿದು ಎರಡು ತಿರುವು ದಾಟಿದರು. ಆಮೇಲೆ ಕೈ ಬಿಟ್ಟು ನಕ್ಕರು.

"ಇದು ಕುಂತಲ್ಲೇ ಕುಂತೈತಲ್ಲೋ. ಗಾಡಿ ಅಂದ್ರ ಕುಂಡಿಗೆ ತಿಳೀಬೇಕು. ಕಣ್ಣಿಗೆ ತಿಳದು ಏನ ಮಾಡೂದು?"

"ಅಲ್ಲಾಡೂ ಹಂಗ ಮಾಡಾಕ ಬರತೈತ್ರಿ ಮಾಮಾ," ಎಂದೆ ನಾನು. ಕೆಲವರು ಮನೆಯಲ್ಲೇ ಮಾಡಿಕೊಂಡದ್ದನ್ನು ವಿಡಿಯೋದಲ್ಲಿ ನೋಡಿದ್ದೆ.

"ಮಾಡು. ಇದು ಜೀಪಿನಂಗ ಅಲ್ಲಾಡಿದ ದಿವಸ ನನ್ನ ಕೀಲಿ ನಿಮ್ಮ ಅತ್ತಿ ಕೈಯಾಗ ಕೊಟ್ಟು ಇಲ್ಲೇ ಬಂದು ಕುಂದರ್ತೇನಿ."

ಚೇಷ್ಟೆಗೆ ಹೇಳಿದ ಮಾತು. ಆದರೆ ಬಾಗಿಲಲ್ಲಿ ನಿಂತಿದ್ದ ಅತ್ತೆ ನಗಲಿಲ್ಲ. "ಮಾತು ಅಂದ್ರ ಮಾತೇನ್ರಿ?" ಎಂದು ಕೇಳಿದರು. ಮಾವ ತಿರುಗಿ ನೋಡಿ, "ಮಾತು ಅಂದ್ರ ಮಾತು," ಎಂದರು.

ಮಾವ ಅಂಗಡಿಯ ಕಡೆಗೆ ಹೋದ ಮೇಲೆ ಅತ್ತೆ ನನ್ನ ಹತ್ತಿರ ಬಂದು ದನಿ ತಗ್ಗಿಸಿದರು.

"ಮೊನ್ನೆ ಒಂದ ಕಾಲಾಗ ಚಪ್ಪಲಿ ಹಾಕ್ಕೊಂಡು ಮನಿಗೆ ಬಂದಾರ. ಇನ್ನೊಂದು ಎಲ್ಲೈತ್ರಿ ಅಂದ್ರ, ಕಾಲು ನೋಡ್ಕೋತಾರ. ಬಿದ್ದದ್ದು ಗೊತ್ತ ಇಲ್ಲ ಅವರಿಗೆ. ಸಕ್ಕರಿ ಬ್ಯಾನಿ ಪಾದ ತಿಂದೈತಿ. ಡಾಕ್ಟರ್ ಗಾಡಿ ಬಿಡ್ರಿ ಅಂದ್ರ, 'ಡಾಕ್ಟರಗ ಗಾಡಿ ಹೊಡ್ಯಾಕ ಬರತೈತೇನು?' ಅಂತಾರ. ಹೋದ ವಾರ ಅಂಗಳದಾಗ ನಿಂದ್ರಸೂ ಹೊತ್ತಿಗೆ ಗಾಡಿ ಮುಂದ ಹಾರಿ ಕಟ್ಟಿ ಒಡೀತು. ಆಕ್ಸಿಲರೇಟರ್ ವಾಯರ್ ಹಿಡಕೊಂಡಿತ್ತು ಅಂತ ಮ್ಯಾಕನಿಕ್‌ಗ ಬೈದು ಹೊಸಾ ವಾಯರ್ ಹಾಕಿಸ್ಯಾರ. ವಾಯರ್ ಅಲ್ಲಪಾ ಅದು. ಅವತ್ತ ಕಟ್ಟಿ ಮ್ಯಾಲ ಯಾರೂ ಕುಂತಿರಲಿಲ್ಲ, ಪುಣ್ಯಾ. ದಿನಾ ಗಾಡಿ ತುಂಬ ಮಂದಿ ಇರ್ತಾರ. ನೀ ಅದನ್ನ ಅಲ್ಲಾಡಸು."

ಹೀಗೆ ನನ್ನ ಆಟಿಗೆ ಕೆಲಸವಾಯಿತು.

ನನ್ನ ಪಕ್ಕದ ಅಂಗಡಿ ವೆಲ್ಡರನದು. ನನಗಿಂತ ಸ್ವಲ್ಪ ದೊಡ್ಡವನು, ಗೆಳೆಯ. ಕಬ್ಬಿಣದ ಕೆಲಸವೆಲ್ಲ ಅವನೇ ಹೊತ್ತುಕೊಂಡ. ಶುಕ್ರವಾರ ನಮಾಜು ಮುಗಿಸಿ ಬಂದವನು ಸಂಜೆಯವರೆಗೂ ನನ್ನ ಕೋಣೆಯಲ್ಲೇ ಇರುತ್ತಿದ್ದ. ಚೌಕದ ಪೈಪಿನಲ್ಲಿ ಕೆಳಗೊಂದು ಚೌಕಟ್ಟು, ಮೇಲೊಂದು ಚೌಕಟ್ಟು. ಇವೆರಡರ ನಡುವೆ ಕೀಲಾಗಿ ಜೀಪಿನ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸು. ಯಾವ ಕಡೆಗಾದರೂ ವಾಲುತ್ತದೆ. ಮೇಲಿನ ಚೌಕಟ್ಟಿಗೆ ಹಳೆಯ ಜೀಪಿನ ಅಗಲ ಸೀಟು. ಸೀಟಿನ ಹಿಂದೆ ಎಡಕ್ಕೊಂದು ಬಲಕ್ಕೊಂದು ವೈಪರ್ ಮೋಟಾರು, ಹಳಿಯಾಳದ ಗುಜರಿಯಿಂದ ತಂದದ್ದು. ಒಂದೊಂದು ಮೋಟಾರಿಗೂ ಸಣ್ಣ ತೋಳು, ತೋಳಿನಿಂದ ಸೀಟಿಗೆ ಸರಳು. ಎರಡೂ ಸರಳು ಒಟ್ಟಿಗೆ ಏರಿದರೆ ಸೀಟು ಮುಂದೆ ಬಾಗುತ್ತದೆ, ಇಳಿದರೆ ಹಿಂದೆ ಒರಗುತ್ತದೆ. ಒಂದು ಏರಿ ಒಂದು ಇಳಿದರೆ ಪಕ್ಕಕ್ಕೆ ವಾಲುತ್ತದೆ. ಆಟದೊಳಗಿನ ಕಾರು ಹೇಗೆ ಕುಲುಕುತ್ತದೆ ಎಂಬ ಸುದ್ದಿ ಕಂಪ್ಯೂಟರಿನಿಂದ ಒಂದು ಸಣ್ಣ ಬೋರ್ಡಿಗೆ ಬರುತ್ತದೆ, ಬೋರ್ಡು ಮೋಟಾರಿಗೆ ಹೇಳುತ್ತದೆ. ತೋಳು ಎಲ್ಲಿದೆ ಎಂದು ಬೋರ್ಡಿಗೆ ತಿಳಿಸಲು ಮೋಟಾರಿನ ಮೂತಿಯಲ್ಲಿ ಪೊಟೆನ್ಶಿಯೋಮೀಟರು, ರೇಡಿಯೋದ ಸೌಂಡು ತಿರುಗಿಸುವ ಗುಂಡಿಯೊಳಗೆ ಇರುತ್ತದಲ್ಲ, ಅದೇ.

ಪೆಡಲುಗಳ ವಿಷಯದಲ್ಲಿ ನಾನು ಹಟ ಹಿಡಿದೆ. ಆಟದ ಜೊತೆ ಬಂದ ಪ್ಲಾಸ್ಟಿಕ್ ಪೆಡಲು ಕಿತ್ತುಹಾಕಿ ಜೀಪಿನವೇ ತಂದು ಹಾಕಿದೆವು. ಜೋಯಿಡಾಕ್ಕೆ ಹೋಗಿ ಮಾವನ ಜೀಪಿನಲ್ಲಿ ಬ್ರೇಕಿಗೂ ಆಕ್ಸಿಲರೇಟರಿಗೂ ಎಷ್ಟು ಅಂತರ, ಯಾವುದು ಎಷ್ಟು ಎತ್ತರ ಎಂದು ಅಳೆದುಕೊಂಡು ಬಂದೆ. ಬ್ರೇಕಿನ ಹಿಂದೆ ಕೆಟ್ಟ ತೂಕದ ಯಂತ್ರದಿಂದ ಬಿಚ್ಚಿದ ಲೋಡ್ ಸೆಲ್ ಕೂರಿಸಿದೆ; ಕಾಲು ಎಷ್ಟು ಒತ್ತಿತು ಎಂಬುದನ್ನು ಅದು ಸುಳ್ಳಿಲ್ಲದೆ ಹೇಳುತ್ತದೆ. ಇಷ್ಟು ಅಚ್ಚುಕಟ್ಟು ಏಕೆ ಎಂದು ವೆಲ್ಡರ್ ಗೊಣಗಿದ. "ನಮ್ಮ ಮಾಮಾ ಸಣ್ಣ ವ್ಯತ್ಯಾಸ ಇದ್ರೂ ಇದು ಜೀಪ್ ಅಲ್ಲ ಅಂತ ಎದ್ದ ಹೋಗ್ತಾರ," ಎಂದೆ.

ಮೊದಲ ಸಲ ಕರೆಂಟು ಕೊಟ್ಟ ದಿನ ಸೀಟು ಎಡಕ್ಕೆ ಹಾರಿ ಅಂಚಿನ ತಡೆಗೂಟಕ್ಕೆ ಬಡಿದು ಅಲ್ಲೇ ಗರಗರ ಎನ್ನತೊಡಗಿತು. ಕೆಂಪು ಗುಂಡಿ ಒತ್ತಿ ನಿಲ್ಲಿಸಿದೆ. ಪೊಟೆನ್ಶಿಯೋಮೀಟರಿನ ಎರಡು ತುದಿಯ ತಂತಿ ಅದಲುಬದಲಾಗಿತ್ತು. ಮೇಲೆ ಹೋಗು ಎಂದರೆ ಕೆಳಗಿದ್ದೇನೆ ಎಂದು ಅದು ಹೇಳುತ್ತಿತ್ತು, ಬೋರ್ಡು ಇನ್ನಷ್ಟು ದೂಡುತ್ತಿತ್ತು. ತಂತಿ ಸುತ್ತಿಯೇ ಹೊಟ್ಟೆ ಹೊರೆಯುವವನು ತಂತಿ ತಪ್ಪು ಹಾಕಿದ್ದು ವೆಲ್ಡರನಿಗೆ ಒಂದು ವಾರದ ನಗುವಾಯಿತು. ಸೀಟಿನ ಮೇಲೆ ಮನುಷ್ಯರ ಬದಲು ಅಕ್ಕಿಚೀಲ ಇಟ್ಟಿದ್ದೆವು, ಅದೊಂದು ಒಳ್ಳೆಯದಾಯಿತು. ಸರಿಮಾಡಿದ ಮೇಲೆ ಅಕ್ಕಿಚೀಲ ಎಷ್ಟೋ ಹೊತ್ತು ಬೆಟ್ಟ ಹತ್ತಿ ಇಳಿಯಿತು. ಏನೂ ಕೆಡಲಿಲ್ಲ.

ಮಾವನನ್ನು ಕರೆಸಿದೆವು. ಜೀಪು ಓಡಿಸಿಕೊಂಡೇ ಬಂದರು. ಸೀಟಿನ ಮೇಲೆ ಕುಳಿತು, ಮೊದಲ ತಿರುವಿನಲ್ಲಿ ಸೀಟು ವಾಲಿದಾಗ ಅವರ ಮುಖ ಬದಲಾಯಿತು. "ಲೇ," ಎಂದರು, ಅಷ್ಟೇ. ಆಮೇಲೆ ರೇಸಿನ ರಸ್ತೆಯಲ್ಲಿ ಎಡಬದಿ ಹಿಡಿದು ನಿಧಾನ ಹೊರಟರು. ಹಿಂದಿನಿಂದ ಕಾರುಗಳು ಭರ್ರನೆ ದಾಟಿಹೋದವು.

"ಹೋಗ್ಲಿ ಬಿಡು, ಅವರಿಗೆ ಅವಸರ ಐತಿ. ಹಾರ್ನ್ ಎಲ್ಲೈತಿ ಇದರಾಗ?"

ಹಾರ್ನ್ ಇರಲಿಲ್ಲ. ರೇಸಿನವರಿಗೆ ಹಾರ್ನ್ ಏಕೆ? ಮಾವನಿಗೆ ಹಾರ್ನ್ ಇಲ್ಲದೆ ತಿರುವು ದಾಟಲು ಮನಸ್ಸು ಒಪ್ಪಲಿಲ್ಲ, ಹೀಗಾಗಿ ಮುಂದಿನ ವಾರ ಅದನ್ನೂ ಹಾಕಿಕೊಟ್ಟೆ. ರಸ್ತೆಯ ಪಕ್ಕ ರೇಸು ನೋಡಲು ನಿಂತ ಜನರ ಗುಂಪು ಕಂಡರೆ ಅವರು ಗಾಡಿ ನಿಧಾನ ಮಾಡುತ್ತಿದ್ದರು. "ಕೈ ಮಾಡ್ಯಾರೇನ ನೋಡು," ಎನ್ನುತ್ತಿದ್ದರು. ವೆಲ್ಡರ್ ಹೊಟ್ಟೆ ಹಿಡಿದುಕೊಂಡು ಹೊರಗೆ ಹೋದ.

ಆದರೆ ಅದೇ ದಿನ ಬಲಗಡೆಯ ಮೋಟಾರು ಟಕಟಕ ಎಂದು ನಿಂತಿತು. ಬಿಚ್ಚಿದೆ, ಗಿಯರಿನ ಹಲ್ಲು ಹೋಗಿತ್ತು. ಬೇರೆ ಹಾಕಿದೆ. ಅಕ್ಕಿಚೀಲ ಇಟ್ಟು ನೋಡಿದೆ, ಸರಿಯಾಗಿತ್ತು. ಮಾವ ಬಂದು ಕುಳಿತರು, ಮತ್ತೆ ಹೋಯಿತು. ಎಡಗಡೆಯದನ್ನು ಬಲಕ್ಕೆ, ಬಲಗಡೆಯದನ್ನು ಎಡಕ್ಕೆ ಹಾಕಿದೆ. ಈ ಸಲವೂ ಬಲಗಡೆಯಲ್ಲಿದ್ದದ್ದೇ ಕೆಟ್ಟಿತು. ಸರಳಿನ ಉದ್ದ ಅಳೆದೆ, ಬೋರ್ಡು ಬದಲಿಸಿದೆ, ನೆಲಕ್ಕೆ ಮಟ್ಟ ಹಿಡಿದೆ. ಪ್ರತಿ ಸಲ ಕೆಟ್ಟಾಗ ಮಾವ ಎದ್ದು, "ಇನ್ನೂ ಜೀಪ್ ಆಗಿಲ್ಲ ಇದು," ಎಂದು ಕಿಸೆಯಿಂದ ಕೀಲಿ ತೆಗೆದು ಹೊರಗೆ ಹೋಗುತ್ತಿದ್ದರು. ಅವರು ಜೀಪು ಶುರುಮಾಡುವ ಸದ್ದು ಕೇಳಿದರೆ ನಾನು ಬಾಗಿಲಿಗೆ ಬಂದು ನಿಲ್ಲುತ್ತಿದ್ದೆ. ಮಾವ ಮನೆ ಮುಟ್ಟಿದರು ಎಂದು ಅತ್ತೆಯ ಫೋನು ಬರುವವರೆಗೆ ನನಗೆ ಕೆಲಸ ಸಾಗುತ್ತಿರಲಿಲ್ಲ.

ಕಾರಣ ಸಿಕ್ಕಿದ್ದು ನಾನು ಟಿವಿ ನೋಡುವುದು ಬಿಟ್ಟು ಮಾವನ ಬೆನ್ನಿನ ಕಡೆಗೆ ನಿಂತ ದಿನ. ಮಾವ ಓಡಿಸುತ್ತಿದ್ದರು. ಸೀಟಿನ ಎಡಗಡೆಯ ಅರ್ಧ ಖಾಲಿಯಿತ್ತು. ಅವರು ಬಲ ಅಂಚಿಗೆ ಸರಿದು, ಒಂದು ತೊಡೆ ಹೊರಗೆ ಬಿಟ್ಟು, ಭುಜ ಆಚೆ ಚಾಚಿ ಕುಳಿತಿದ್ದರು.

"ಮಾಮಾ, ಅಷ್ಟ್ಯಾಕ ಬಲಕ್ಕ ಸರದೀರಿ? ಎಡಕ್ಕ ಇಷ್ಟು ಜಾಗಾ ಐತಲ್ಲ."

"ಮಂದಿ ಕುಂದರಬೇಕಲ್ಲೋ," ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ.

ಹೇಳಿದ ಮೇಲೆ ಅವರಿಗೇ ತಿಳಿಯಿತು. ಎಡಕ್ಕೆ ಒಮ್ಮೆ ನೋಡಿದರು. ಜೀಪಿನ ಮುಂದಿನ ಸಾಲಿನಲ್ಲಿ ಮಂದಿಯನ್ನು ಒತ್ತಿ ಕೂರಿಸಿ, ತಾವು ಅರ್ಧ ಹೊರಗೆ ನೇತುಕೊಂಡೇ ಅವರು ಬದುಕೆಲ್ಲ ಗಾಡಿ ಓಡಿಸಿದ್ದರು. ನಮ್ಮ ಕಡೆ ಜೀಪಿನ ಡ್ರೈವರುಗಳೆಲ್ಲ ಕೂರುವುದೇ ಹಾಗೆ. ಅಕ್ಕಿಚೀಲ ನಡುವೆ ಕುಳಿತಿತ್ತು. ಮಾವನ ತೂಕವೆಲ್ಲ ಬಲ ಮೋಟಾರಿನ ಮೇಲೆ ಬೀಳುತ್ತಿತ್ತು.

ಬೆಲ್ಟು ಹಾಕಿ ನಡುವೆ ಕಟ್ಟಿಬಿಡೋಣ ಎಂದ ವೆಲ್ಡರ್. ಕಟ್ಟಿ ನೋಡಿದೆವು. ನೆಟ್ಟಗೆ ಕುಳಿತ ಮಾವ ಮೊದಲ ತಿರುವಿನಲ್ಲೇ ಗಾಡಿ ಚರಂಡಿಗೆ ಹಾಕಿದರು. ಮನುಷ್ಯನನ್ನು ತಿದ್ದುವುದು ಬೇಡವೆಂದು ಕೊನೆಗೆ ನಾವು ಯಂತ್ರವನ್ನೇ ಕತ್ತರಿಸಿದೆವು. ನಡುವಿನ ಕ್ರಾಸನ್ನು ಬಿಚ್ಚಿ, ಅವರು ಕೂರುವ ಜಾಗದ ಕೆಳಗೇ ಬರುವಂತೆ ಬಲಕ್ಕೆ ಸರಿಸಿ ಬೆಸೆದೆವು. ಎರಡೂ ಮೋಟಾರಿನ ಮೇಲೆ ಭಾರ ಸಮನಾಯಿತು. ನೋಡಲು ಸೊಟ್ಟ. ನನಗೆ ಸೊಟ್ಟ ಕೆಲಸ ಕಂಡರಾಗುವುದಿಲ್ಲ, ಆದರೂ ಆ ಸೀಟಿನ ಎಡಭಾಗ ಖಾಲಿ ಇಟ್ಟುಕೊಂಡು ನಿಂತದ್ದು ನನಗೆ ಹಿಡಿಸಿತು. ಆಮೇಲೆ ಬಲಗಡೆಯ ಗಿಯರು ಒಂದೂ ಹೋಗಲಿಲ್ಲ.

ಇಷ್ಟಾದ ಮೇಲೆ ನಿಜವಾದ ತೊಂದರೆ ಕಂಡಿತು.

ಇಳಿಜಾರಿನಲ್ಲಿ ಬ್ರೇಕು ಒತ್ತಿದರೆ ಸೀಟು ಮುಂದೆ ಬಾಗಬೇಕು. ಜೀಪಿನಲ್ಲೂ ಹಾಗೆಯೇ ಮೈ ಮುಂದೆ ಹೋಗುತ್ತದೆ. ಗಾಡಿ ಎಳೆದಾಗ ಹಿಂದೆ ಒರಗಬೇಕು. ನಾನು ಕುಳಿತಾಗ, ವೆಲ್ಡರ್ ಕುಳಿತಾಗ ಸರಿಯಾಗಿಯೇ ಆಗುತ್ತಿತ್ತು. ಮಾವ ಇಳಿಜಾರಿಗೆ ಬಂದರೆ ಸೀಟು ಒಮ್ಮೆ ಮುಂದೆ, ಒಮ್ಮೆ ಹಿಂದೆ ಹೊಯ್ದಾಡುತ್ತಿತ್ತು, ಕೆಲವು ಸಲ ಪೂರಾ ಹಿಂದೆ ಒರಗಿ ಗಾಡಿ ತಿರುವು ದಾಟಿ ಕಂದರಕ್ಕೆ ಬೀಳುತ್ತಿತ್ತು.

"ನಿನ್ನ ಮಷಿನ್ ತಪ್ಪೈತಿ. ನಾ ಬ್ರೇಕ್ ಒತ್ತೇನಿ, ಅದು ಎಳಕೊಂಡ ಹೋಗತೈತಿ."

ಅವರು ಹೋದ ಮೇಲೆ ನಾನು ಬೋರ್ಡಿನಲ್ಲಿ ಉಳಿದಿದ್ದ ಅಂಕೆಗಳನ್ನು ಟಿವಿಯ ಮೇಲೆ ಗೆರೆಯಾಗಿ ಹಾಕಿ ನೋಡಿದೆ. ಒಂದು ಗೆರೆ ಬ್ರೇಕಿನದು, ಒಂದು ಆಕ್ಸಿಲರೇಟರಿನದು. ನನ್ನ ಕಾಲಿನ ಗೆರೆಗಳಲ್ಲಿ ಒಂದು ಏರಿದರೆ ಇನ್ನೊಂದು ನೆಲಕ್ಕಿತ್ತು. ಮಾವನ ಕಾಲಿನ ಗೆರೆಗಳು ಜೊತೆಯಾಗಿ ಏರಿದ್ದವು, ಒಂದೇ ಪಾದ ಎರಡೂ ಪೆಡಲು ಒತ್ತಿತ್ತು. ಕೆಲವು ಕಡೆ ಬ್ರೇಕಿನ ಗೆರೆ ಏರಿಯೇ ಇರಲಿಲ್ಲ. ಅತ್ತೆ ಹೇಳಿದ ವಾಯರು, ಒಡೆದ ಕಟ್ಟೆ, ಎಲ್ಲವೂ ಆ ಎರಡು ಗೆರೆಗಳಲ್ಲಿ ಇತ್ತು. ಭಯವಾಯಿತು, ದುಃಖವೂ ಆಯಿತು.

ಇದನ್ನು ಮರೆಸುವುದು ಸುಲಭವಿತ್ತು. ಬ್ರೇಕನ್ನು ಸ್ವಲ್ಪ ಮುಟ್ಟಿದರೂ ಆಕ್ಸಿಲರೇಟರನ್ನು ಲೆಕ್ಕಕ್ಕೆ ಹಿಡಿಯಬೇಡ ಎಂದು ಕಂಪ್ಯೂಟರಿನಲ್ಲಿ ಒಂದು ಗುರುತು ಹಾಕಿದರೆ ಸಾಕು. ಬ್ರೇಕು ಪೂರಾ ತಪ್ಪಿಹೋದರೆ, ಇಳಿಜಾರಿನಲ್ಲಿ ಅದೇ ಹಿಡಿಯುವಂತೆಯೂ ಮಾಡಬಹುದಿತ್ತು. ಸೀಟು ನುಣ್ಣಗೆ ಮುಂದೆ ಬಾಗುತ್ತದೆ, ಮಾವ ಮೆಚ್ಚುತ್ತಾರೆ.

"ಹಾಕಿಬಿಡು ಭಾಯಿ," ಎಂದ ವೆಲ್ಡರ್. "ಮುದುಕರು ಖುಷಿ ಆಗ್ತಾರ, ಕೀಲಿ ಕೊಡ್ತಾರ. ನಮಗ ಬೇಕಾಗಿದ್ದು ಅದ ಅಲ್ಲೇನು? ಈಗ ಇದ್ದಂಗ ಬಿಟ್ರ, ಮಷಿನ್ ಕೆಟ್ಟೈತಿ ಅಂತ ಎದ್ದು ಗಾಡಿ ಹತ್ತತಾರ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಗುರುತು ಹಾಕಿಯೂ ಹಾಕಿದೆ. ನಾನೇ ಕುಳಿತು ಬೇಕೆಂದೇ ಎರಡೂ ಪೆಡಲು ಒತ್ತಿ ನೋಡಿದೆ. ಸೀಟು ಚೆಂದವಾಗಿ ಮುಂದೆ ಬಾಗಿತು. ಆಗ ನನಗೆ ಅನ್ನಿಸಿದ್ದು ಇಷ್ಟೇ: ಇದರ ಮೇಲೆ ಕುಳಿತೆದ್ದ ಮಾವ ತಮ್ಮ ಕಾಲು ಸರಿಯಾಗಿದೆ ಎಂದು ನಂಬುತ್ತಾರೆ. ಕೀಲಿ ಕೊಟ್ಟರೂ ಒಂದು ದಿನ ಯಾರದೋ ಬಾಣಂತಿಯನ್ನು ಕರೆತರಬೇಕೆಂದು ಅತ್ತೆಯ ಕೈಯಿಂದ ಅದನ್ನು ಮರಳಿ ಕೇಳುತ್ತಾರೆ, ಅತ್ತೆ ಕೊಡುತ್ತಾರೆ. ಆ ನಂಬಿಕೆಯನ್ನು ಅವರಿಗೆ ಕೊಟ್ಟವನು ನಾನಾಗಿರುತ್ತೇನೆ. ಗುರುತು ತೆಗೆದುಹಾಕಿದೆ. ವೆಲ್ಡರನಿಗೆ ಬೇಸರವಾಯಿತು, ಟೋಪಿ ಹಾಕಿಕೊಂಡು ಎದ್ದುಹೋದ.

ಮುಂದಿನ ಭಾನುವಾರ ಮಾವ ಒಬ್ಬರೇ ಬಂದರು. ವೆಲ್ಡರನೂ ಬಂದು ಬಾಗಿಲಲ್ಲಿ ನಿಂತ. ನಾನು ಟಿವಿ ಹಚ್ಚಲಿಲ್ಲ.

"ಇವತ್ತು ರಸ್ತೆ ಬ್ಯಾಡ್ರಿ ಮಾಮಾ. ಗಾಡಿ ನಿಂತೈತಿ ಅಂತ ತಿಳೀರಿ. ಬ್ರೇಕ್ ಒತ್ತಿದ್ರ ಮುಂದ ಬಾಗತೈತಿ, ರೇಸ್ ಕೊಟ್ರ ಹಿಂದ ಒರಗತೈತಿ. ಮತ್ತೇನೂ ಇಲ್ಲ. ಮುಂದ ನೋಡ್ಕೋತ ಬ್ರೇಕ್ ಒತ್ತರಿ."

ಮಾವ ಬಲಕ್ಕೆ ಸರಿದು ಕುಳಿತು ಒತ್ತಿದರು. ಸೀಟು ಮುಂದೆ ಬಾಗಿತು.

"ಕಾಲು ತಗದು ಮತ್ತೊಮ್ಮೆ ಒತ್ತರಿ."

ಒತ್ತಿದರು. ಸೀಟು ಹಿಂದೆ ಒರಗಿತು.

"ವಾಯರ್ ನೋಡು," ಎಂದರು. ನಾನು ನೋಡಿಯಾಗಿದೆ ಎಂಬುದು ಅವರಿಗೆ ನನ್ನ ಮುಖದಲ್ಲೇ ಕಂಡಿರಬೇಕು. ಮತ್ತೆ ಕಾಲೆತ್ತಿ, ತಡವರಿಸಿ, ಇಟ್ಟು, ಬಲವಾಗಿ ಒತ್ತಿದರು. ಸೀಟು ಇನ್ನೂ ಹಿಂದಕ್ಕೆ ಹೋಗಿ ನಿಂತಿತು. ಅವರು ಹಾಗೇ ಒರಗಿಕೊಂಡು, ಸ್ಟೇರಿಂಗು ಹಿಡಿದು, ಕರಿ ಟಿವಿ ನೋಡುತ್ತ ಕುಳಿತರು. ಅವರ ಕಾಲಿಗೆ ಏನೂ ತಿಳಿದಿರಲಿಲ್ಲ. ಬೆನ್ನಿಗೂ ಕುಂಡಿಗೂ ತಿಳಿದಿತ್ತು. ಆಮೇಲೆ ನಿಧಾನ ತಲೆ ಬಗ್ಗಿಸಿ ಕೆಳಗೆ ನೋಡಿದರು. ಪಾದ ಪೂರಾ ಆಕ್ಸಿಲರೇಟರಿನ ಮೇಲಿತ್ತು.

ಕಣ್ಣಿಂದ ನೋಡುತ್ತಲೇ ಪಾದ ಎತ್ತಿ ನೆಲಕ್ಕಿಟ್ಟರು.

"ಆ ಕಟ್ಟಿ," ಎಂದರು ಮಾವ. "ನಿಮ್ಮ ಅತ್ತಿ ಸಂಜಿ ಮುಂದ ದಿನಾ ಅಲ್ಲೇ ಕುಂದರ್ತಾಳ."

ಎದ್ದು ಹೊರಗೆ ಹೋದರು. ಜೀಪಿನ ಬಲಗಡೆಗೆ ನಡೆದದ್ದು ನೋಡಿ ನಾನು ಹಿಂದೆ ಓಡಲು ಹೋದೆ. ವೆಲ್ಡರ್ ನನ್ನ ತೋಳು ಹಿಡಿದ. ಮಾವ ಡ್ರೈವರ್ ಸೀಟಿನ ಹತ್ತಿರ ನಿಂತು, ಸ್ಟೇರಿಂಗಿನ ಮೇಲೆ ಒಮ್ಮೆ ಕೈಯಾಡಿಸಿ, ಕೀಲಿ ಸಿಕ್ಕಿಸಿ, ಮುಂದಿನಿಂದ ಸುತ್ತಿಬಂದು ಎಡಗಡೆ ಹತ್ತಿ ಕುಳಿತರು.

"ಬಾ, ಹೊಡಿ," ಎಂದರು ನನಗೆ.

ಇಳಿಜಾರು ಬಂದಲ್ಲೆಲ್ಲ ನಾನು ಬ್ರೇಕಿಗೆ ಕಾಲಿಡುವ ಮೊದಲೇ ಅವರ ಬಲಗಾಲು ಬರಿ ನೆಲ ಒತ್ತುತ್ತಿತ್ತು. ಸೂಪಾ ಅಣೆಕಟ್ಟು ದಾಟಿದ ಮೇಲೆ ತಲೆಯ ಮೇಲೆ ಬುಟ್ಟಿ ಹೊತ್ತ ಇಬ್ಬರು ಹೆಂಗಸರು ಕೈಮಾಡಿದರು. ಜೀಪಿನ ಹಿಂದೆ ಮಾವ ಯಾರಿಗೋ ಒಯ್ಯುತ್ತಿದ್ದ ಅಕ್ಕಿಚೀಲ, ಹಳೆಯ ಕಬ್ಬಿಣ ತುಂಬಿತ್ತು. "ನಿಂದ್ರಸು," ಎಂದರು ಮಾವ. ಅವರೊಡನೆ ಕೊಂಕಣಿಯಲ್ಲಿ ಏನೋ ಮಾತಾಡಿ ಮುಂದೆಯೇ ಹತ್ತಿಸಿಕೊಂಡರು. ನಂತರ ನನ್ನ ತೊಡೆಗೆ ತಟ್ಟಿ, "ಬಲಕ್ಕ ಸರಿ. ಇನ್ನೂ ಸರಿ. ಮಂದಿ ಕುಂದರಬೇಕು," ಎಂದರು. ನಾನು ಒಂದು ತೊಡೆ ಹೊರಗೆ ಬಿಟ್ಟು, ಭುಜ ಆಚೆ ಚಾಚಿ, ಜೋಯಿಡಾದವರೆಗೆ ಹಾಗೆಯೇ ಓಡಿಸಿದೆ. ಸೊಂಟ ನೋಯುತ್ತಿತ್ತು.

ಅತ್ತೆ ಅಂಗಳದಲ್ಲಿದ್ದರು. ನಾನು ಬಲಗಡೆಯಿಂದ ಇಳಿದದ್ದನ್ನೂ ಮಾವ ಎಡಗಡೆಯಿಂದ ಇಳಿದದ್ದನ್ನೂ ನೋಡಿದರು. ರೂಢಿಯಂತೆ ನಾನು ಕೀಲಿಯನ್ನು ಮಾವನ ಕಡೆಗೆ ಚಾಚಿದೆ. ಅವರು ಕೈ ಮುಂದೆ ಮಾಡಲಿಲ್ಲ.

"ಆಕಿ ಕೈಯಾಗ ಕೊಡು. ಜೀಪಿನಂಗ ಅಲ್ಲಾಡ್ತು ಅದು. ಇನ್ನ ಗಾಡಿ ಬರೂದಿಲ್ಲ ಅಂತ ಕುಂಬಾರವಾಡದ ಮಂದಿಗೆ ನಾನ ಹೇಳ್ತೇನಿ."

ಒಡೆದ ಕಟ್ಟೆಯ ಉಳಿದ ತುದಿಯ ಮೇಲೆ ಕುಳಿತು ಮಾವ ಚಪ್ಪಲಿ ಬಿಚ್ಚಿದರು. ಬಿಚ್ಚಿತೋ ಇಲ್ಲವೋ ಎಂದು ಬಗ್ಗಿ ನೋಡಿಕೊಂಡರು. ಅತ್ತೆ ಕೀಲಿ ತೆಗೆದುಕೊಂಡರು. ಇಷ್ಟು ದಿನ ಬೇಡಿಕೊಂಡದ್ದು ಕೈಗೆ ಬಂದಾಗ ಅದನ್ನು ಎಲ್ಲಿಡಬೇಕೆಂದು ಅವರಿಗೆ ತಿಳಿಯಲಿಲ್ಲ. ಸೆರಗಿಗೆ ಕಟ್ಟಲು ಹೋಗಿ, ಬಿಚ್ಚಿ, ಮಾವನ ಪಕ್ಕದಲ್ಲಿ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕುಳಿತರು.